ದಾಸಪ್ಪನವರ ಎಡೆಗೊಂದು ಕಂಟ್ರೋಲರ್

ಗುಂಡಿ ಒತ್ತುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಒತ್ತಿದ ಗುಂಡಿ ಸರಿಯಾಗಿ ಒತ್ತಿಸಿಕೊಂಡಿತೇ ಎಂದು ವಿಚಾರಿಸುವವನು ಬೆಂಗಳೂರಿನ ಹೂಡಿಯ ಮಟ್ಟಿಗೆ ಒಬ್ಬನೇ. ಅವನೇ ಪಂಚಾಕ್ಷರಿ.

ಅಲ್ಲಿನ ಒಂದು ಸ್ವಿಚ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಅವನು ತಪಾಸಣೆಯ ಮೇಜಿನ ಮುಂದೆ ಕೂತಿದ್ದ. ಲಿಫ್ಟಿಗೆ ಹೋಗುವ ಗುಂಡಿ, ಲೇತಿಗೆ ಹೋಗುವ ಗುಂಡಿ, ಅಪಾಯ ಬಂದಾಗ ಒತ್ತುವ ಕೆಂಪು ಗುಂಡಿ, ಎಲ್ಲವನ್ನೂ ಹೆಬ್ಬೆರಳಿನಿಂದ ಮೂರು ಮೂರು ಸಲ ಒತ್ತಬೇಕು. ‘ಟಕ್’ ಅಂದದ್ದು ಪಾಸು, ಅನ್ನದ್ದು ಬುಟ್ಟಿಗೆ. ಇಷ್ಟು ವರ್ಷ ಇದೊಂದನ್ನೇ ಮಾಡಿದವನಿಗೆ ಜಗತ್ತೆಲ್ಲ ಎರಡೇ ಬಗೆಯದಾಗಿ ಕಾಣುವುದು ಸಹಜ. ಊರ ಕಡೆಯಿಂದ ಯಾರಾದರೂ ಬಂದರೆ, ಕೊಪ್ಪಳದ ಮಳೆ ಬೆಳೆ ವಿಚಾರಿಸುವ ಮೊದಲೇ ಅವರ ಮೊಬೈಲು ಇಸಿದುಕೊಂಡು ಬದಿಯ ಗುಂಡಿ ಒತ್ತಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಹೆಂಡತಿ ಮಹಾದೇವಿ, “ತಾಳಿ ಕಟ್ಟುವಾಗೂ ಗಂಟು ಮೂರು ಸಲ ಒತ್ತಿ ನೋಡಿದ ಪುಣ್ಯಾತ್ಮ ಇವರು” ಎಂದು ಬಂದವರಿಗೆ ಚಹಾ ಕೊಡುತ್ತಿದ್ದಳು.

ಅವರಿದ್ದದ್ದು ಲಕ್ಷ್ಮಮ್ಮನವರ ವಠಾರದಲ್ಲಿ. ನಡುವೆ ಹಳೆಯ ಹೆಂಚಿನ ಮನೆ, ಸುತ್ತ ಎಂಟು ಬಾಡಿಗೆ ಮನೆ, ಎಲ್ಲರಿಗೂ ಒಂದು ನಲ್ಲಿ. ಮೂರು ಕಡೆ ಗಾಜಿನ ಕಟ್ಟಡಗಳು ಎದ್ದಿದ್ದರಿಂದ ಅಂಗಳಕ್ಕೆ ಸೂರ್ಯ ನೇರವಾಗಿ ಬರುತ್ತಿರಲಿಲ್ಲ. ಯಾವುದೋ ಕಂಪನಿಯ ಎಂಟನೇ ಮಹಡಿಗೆ ಬಡಿದು, ಸ್ವಲ್ಪ ಹಸಿರಾಗಿ, ತಡವಾಗಿ ಇಳಿಯುತ್ತಿದ್ದ. ಮಧ್ಯಾಹ್ನ ಅಂಗಳದಲ್ಲಿ ನಿಂತವರಿಗೆ ಎರಡು ನೆರಳು ಬೀಳುತ್ತಿದ್ದವು, ಒಂದು ಕಪ್ಪು, ಒಂದು ಬೂದಿ. ಬಾಡಿಗೆಯವರು ಇದಕ್ಕೆ ಒಗ್ಗಿಹೋಗಿದ್ದರು. ಹೊಸದಾಗಿ ಬಂದವರು ಮಾತ್ರ ಎರಡನೆಯದು ಯಾರದ್ದು ಎಂದು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು.

ಆ ಅಂಗಳದ ಮೂಲೆಯಲ್ಲಿ ಮಹಾದೇವಿಯ ಕಟ್ಟಿಗೆ ಒಲೆ. ಸುತ್ತಲಿನ ಕಟ್ಟಡಗಳಿಗೆ ಕಲ್ಲು ಹೊರುವ ಉತ್ತರ ಕರ್ನಾಟಕದ ಮಂದಿಗೆಲ್ಲ ಅವಳದೇ ಜೋಳದ ರೊಟ್ಟಿ. ಈಗ ಲಕ್ಷ್ಮಮ್ಮನವರ ಮಗ ಶ್ರೀಧರ್, ಮನೆ ಕೆಡವಿ ಐದು ಮಹಡಿಯ ಪಿ.ಜಿ. ಕಟ್ಟುತ್ತೇನೆ, ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಿ ಎಂದಿದ್ದ. ಮಹಾದೇವಿ ಹನ್ನೆರಡು ಕಡೆ ಮನೆ ನೋಡಿ ಬಂದಿದ್ದಳು. ಹನ್ನೆರಡು ಮಾಲೀಕರೂ ಮನೆ ಕೊಡಲು ತಯಾರಿದ್ದರು, ಒಲೆಗೆ ತಯಾರಿರಲಿಲ್ಲ. ಒಲೆಯಿಲ್ಲದೆ ಅವಳಿಲ್ಲ, ಅವಳಿಲ್ಲದೆ ಪಂಚಾಕ್ಷರಿ ಇಲ್ಲ.

ಒಂದೇ ತಡೆ ಉಳಿದಿತ್ತು. ಲಕ್ಷ್ಮಮ್ಮ ಮಗನಿಗೆ ಹೇಳಿದ್ದರು: “ನಿಮ್ಮಪ್ಪನ ವರ್ಸದ ತಿಥಿ ಮುಗೀಲಿ ಕಣೋ. ಅವ್ರನ್ ಕೇಳ್ದೆ ನಾನು ಒಂದು ಎಂಚೂ ತೆಗ್ಯಾಕೆ ಬಿಡಾಕಿಲ್ಲ.”

ಆ ಅಪ್ಪ, ದಾಸಪ್ಪನವರು, ರಾಗಿ ಹೊಲ ಗಾಜಿನ ಕಟ್ಟಡಕ್ಕೆ ಕೊಟ್ಟ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಮಾಡಲು ಕೆಲಸವಿರಲಿಲ್ಲ. ಮಗನ ಬಾಲ್ಯದ ಟ್ರಂಕಿನಲ್ಲಿ ಒಂದು ಟೀವಿ ಗೇಮು ಸಿಕ್ಕಿತು, ಕ್ಯಾಸೆಟ್ ಸಿಕ್ಕಿಸಿ ಆಡುವ ಹಳೇ ಕಾಲದ್ದು. ಅದರಲ್ಲೊಂದು ವಿಮಾನದ ಆಟ. ನಮ್ಮ ವಿಮಾನ ಪರದೆಯ ತಳದಲ್ಲಿ ಎಡಕ್ಕೆ ಬಲಕ್ಕೆ ಓಡಾಡುತ್ತ ಗುಂಡು ಹಾರಿಸುತ್ತದೆ, ಮೇಲಿನಿಂದ ಶತ್ರುಗಳು ಇಳಿಯುತ್ತಾರೆ. ಹಳೇ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳ ಹೊಟ್ಟೆಯನ್ನು ಹೊಲದಲ್ಲಿ ನಿಂತು ಐವತ್ತು ವರ್ಷ ನೋಡಿದ್ದ ದಾಸಪ್ಪನವರಿಗೆ, ಅವನ್ನು ಹೊಡೆದು ಉರುಳಿಸುವ ಅವಕಾಶ ಸಿಕ್ಕಿದ್ದೇ ತಡ, ಆ ಕೋಣೆಯಿಂದ ಅವರು ಹೊರಗೆ ಬಂದದ್ದು ಕಡಿಮೆ.

ನಲ್ಲಿಯ ಹತ್ತಿರ ಲಕ್ಷ್ಮಮ್ಮ ಒಂದು ಬೆಳಿಗ್ಗೆ ಹೇಳಿಕೊಂಡರು. “ಎಡೇಲಿ ಮುದ್ದೆ ಇಡ್ತೀವಿ, ಕೋಳಿ ಸಾರು ಇಡ್ತೀವಿ, ಬೀಡಿ ಇಡ್ತೀವಿ. ಆ ಆಟದ ಸಾಮಾನು ಇಡ್ದಿದ್ರೆ ಅವ್ರು ಬಂದು ಮುಖ ತಿರುಗಿಸ್ಕೊಂಡು ಓಯ್ತಾರೆ. ಟೀವಿ ಉರೀತದೆ. ಕೈಯಾಗೆ ಇಡ್ಕೊಳ್ಳೋ ರಿಮೋಟನ್ನ ಇಲಿ ತಿಂದ್ಬುಟ್ಟೈತೆ.”

ಕೊಡಪಾನ ಹಿಡಿದು ನಿಂತಿದ್ದ ಪಂಚಾಕ್ಷರಿ ಗಂಟಲು ಸರಿಮಾಡಿಕೊಂಡ. “ಅಮ್ಮಾರ, ಅದಕ್ಕ ಕಂಟ್ರೋಲರ್ ಅಂತಾರ್ರಿ. ಕಂಪನೀದು ಈಗ ಬರೂದಿಲ್ಲ. ಬ್ಯಾರೆಯವರು ಮಾಡಿದ್ದು ಸಾವಿರ ನಮೂನಿ ಅದಾವ, ಅದರಾಗ ಚಲೋದು ಆರಿಸೂದು ಎಲ್ಲಾರ ಕೈಲಿ ಆಗೂದಿಲ್ಲ. ಗುಂಡಿ ವಿಷಯ ನನಗ ಬಿಡ್ರಿ.”

ಅಷ್ಟರವರೆಗೆ ಅವನು ಅಂಥ ಒಂದು ವಸ್ತುವನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಆದರೆ ನಲ್ಲಿಯ ಸಾಲಿನಲ್ಲಿದ್ದ ಏಳು ಮನೆಯವರೂ ಒಮ್ಮೆಗೇ ಅವನ ಕಡೆ ತಿರುಗಿದರು. ಎಡೆ ಚೆನ್ನಾಗಿ ನಡೆದರೆ ಮುದುಕಿಯ ಮನಸ್ಸು ಕರಗೀತು, ಮನೆ ಉಳಿದೀತು ಎಂಬ ಲೆಕ್ಕ ಎಲ್ಲರ ಕಣ್ಣಿನಲ್ಲೂ ಇತ್ತು.

ಮಾರತ್ತಹಳ್ಳಿಯಲ್ಲಿ ಒಂದು ಪಿ.ಜಿ.ಯ ಕೆಳಗೆ, ಮೆಟ್ಟಿಲಿನ ಅಡಿಗೆ ಒತ್ತಿಕೊಂಡಂತೆ ಮುನಿಕೃಷ್ಣನ ಅಂಗಡಿ. ಹೊರಗೆ ಬಸ್ಸುಗಳು ಇಂಚು ಇಂಚಾಗಿ ಸರಿಯುತ್ತ ಅರಚುತ್ತಿದ್ದರೂ ಒಳಗೆ ಕಾಲಿಟ್ಟರೆ ಸದ್ದು ಹೇಗೋ ನಿಂತುಬಿಡುತ್ತಿತ್ತು. ಸೂರಿನಿಂದ ನೂರಾರು ಹಳೆಯ ಕಂಟ್ರೋಲರುಗಳು ತಮ್ಮ ತಮ್ಮ ವೈರಿನಿಂದಲೇ ತಲೆಕೆಳಗಾಗಿ, ಬಾವಲಿಗಳಂತೆ ನೇತಾಡುತ್ತಿದ್ದವು. ಗಾಳಿಯಿರಲಿಲ್ಲ. ಆದರೂ ಒಂದೆರಡು ನಿಧಾನವಾಗಿ ತಿರುಗುತ್ತಿದ್ದವು.

“ಯಾರು ಆಡ್ತಾರೆ ಸಾರ್?” ಎಂದ ಮುನಿಕೃಷ್ಣ, ಕನ್ನಡಕ ಹಣೆಗೆ ಏರಿಸಿ.

“ಹಿರಿಯರು.”

“ವಯಸ್ಸು?”

ಪಂಚಾಕ್ಷರಿ ಯೋಚಿಸಿದ. ತೀರಿಕೊಂಡ ಮೇಲಿನ ಒಂದು ವರ್ಷವನ್ನು ಸೇರಿಸಬೇಕೋ ಬೇಡವೋ ತಿಳಿಯಲಿಲ್ಲ. “ಎಪ್ಪತ್ತಾರು, ಎಪ್ಪತ್ತೇಳು.”

“ಹಂಗಾದ್ರೆ ಇದು ತಗೊಳ್ಳಿ.” ಮುನಿಕೃಷ್ಣ ಬೂದು ಬಣ್ಣದ, ಸೋಪಿನ ಡಬ್ಬಿಯಂಥ ಒಂದು ವಸ್ತುವನ್ನು ಮುಂದಿಟ್ಟ. “ನೋಡಕ್ಕೆ ಏನೂ ಇಲ್ಲ. ಆದ್ರೆ ಈ ಪ್ಲಸ್ ಆಕಾರದ ಗುಂಡಿ ಇದ್ಯಲ್ಲ, ಅದರ ಮೇಲೆ ಹೆಬ್ಬೆಟ್ಟು ಉರುಳಿಸಿ. ಮೇಲೆ ಒತ್ತಿದ್ರೆ ಮೇಲೇ ಹೋಗ್ಬೇಕು, ಪಕ್ಕಕ್ಕೆ ಜಾರಬಾರ್ದು. ಹಳೇ ಆಟಕ್ಕೆ ಇದೇ ಜೀವ. ಒಳಗೆ ಒಳ್ಳೆ ರಬ್ಬರ್ ಹಾಕಿದ್ದಾರೆ. ವೈರ್ ಇದೆ. ವೈರ್ ಇದ್ರೆ ಒತ್ತಿದ ತಕ್ಷಣ ಹೋಗುತ್ತೆ. ವೈರ್ ಇಲ್ದೆ ಇರೋ ಅಗ್ಗದ್ದು ಒತ್ತಿದ್ದು ಈಗ, ವಿಮಾನ ತಿರುಗೋದು ಆಮೇಲೆ.”

ಪಂಚಾಕ್ಷರಿ ಅದನ್ನು ಮೂರು ಸಲ ಒತ್ತಿದ. ಸದ್ದೇ ಇಲ್ಲ. ಮೆತ್ತಗೆ, ಬೆಕ್ಕಿನ ಪಾದ ಒತ್ತಿದಂತೆ.

“ಇದು ರಿಜೆಕ್ಟ್‌ರಿ.”

“ಅಲ್ಲ ಸಾರ್, ರಬ್ಬರ್ ಅಂದ್ರೆ ಸದ್ದು...”

“ಹದಿನಾಲ್ಕು ವರ್ಷ ಇದೇ ಕೆಲಸ ಮಾಡೇನ್ರಿ. ಟಕ್ ಅನ್ನದ ಗುಂಡಿ ಗುಂಡೀನೇ ಅಲ್ಲ.” ಅವನ ಕಣ್ಣು ಆಗಲೇ ಗಾಜಿನ ಬೀರುವಿನೊಳಗೆ ಹೋಗಿತ್ತು. ಅಲ್ಲೊಂದು ಕಪ್ಪು ಕಂಟ್ರೋಲರ್ ಕೂತಿತ್ತು. ಹೊಳೆಯುವ ಮೈ, ವೈರ್ ಇಲ್ಲ, ನಡುವೆ ಹೆಬ್ಬೆರಳಿನಿಂದ ವಾಲಿಸುವ ಗಿಡ್ಡ ಕೋಲು, ಪಕ್ಕದಲ್ಲಿ ತಾನಾಗಿ ಗುಂಡು ಹಾರಿಸುತ್ತಲೇ ಇರುವ ಟರ್ಬೊ ಎಂಬ ಸ್ವಿಚ್ಚು. ಕೈಗೆ ಕೊಟ್ಟರೆ ಅರ್ಧ ಇಟ್ಟಿಗೆಯಷ್ಟು ಭಾರ. ಒತ್ತಿದರೆ ‘ಟಕ್’.

“ಅದು ಬೇಡ ಸಾರ್,” ಎಂದ ಮುನಿಕೃಷ್ಣ. “ಭಾರ ಬರ್ಲಿ ಅಂತ ಒಳಗೆ ಕಬ್ಬಿಣದ ಬಿಲ್ಲೆ ಅಂಟ್ಸಿದ್ದಾರೆ. ಆ ಕೋಲು ಹಳೇ ಆಟಕ್ಕೆ ಬೇಕಾಗೇ ಇಲ್ಲ. ಮೇಲಾಗಿ ಅದು ವಾಲುತ್ತೆ. ಯಾರೂ ಮುಟ್ಟದೆ ಇದ್ರೂ ಮುಟ್ಟಿದ ಹಂಗೆ ತೋರ್ಸುತ್ತೆ.”

“ಯಾರೂ ಮುಟ್ಟದಿದ್ರ ಮುಟ್ಟಿದವರು ಯಾರ್ರಿ?” ಎಂದು ಪಂಚಾಕ್ಷರಿ ನಕ್ಕ. ಮುನಿಕೃಷ್ಣ ನಗಲಿಲ್ಲ. ಸೂರಿನಿಂದ ನೇತಾಡುತ್ತಿದ್ದವುಗಳಲ್ಲಿ ಒಂದು ಪೂರ್ತಿ ಸುತ್ತು ತಿರುಗಿ ನಿಂತಿತು.

ತಿಥಿಯ ದಿನ ನೆಂಟರು ನಲವತ್ತು ಜನ. ಆ ಕಡೆಯ ಪದ್ಧತಿ ಹೀಗೆ: ಸತ್ತವರ ಫೋಟೊದ ಮುಂದೆ ಬಾಳೆಲೆ ಹಾಸಿ, ಅವರಿಗೆ ಪ್ರಿಯವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅವರು ಬಂದು ಉಣ್ಣುವಷ್ಟು ಹೊತ್ತು ಯಾರೂ ಮಾತಾಡಬಾರದು. ಆಮೇಲೆ ಮನೆಯ ಹಿರಿಯ ಮೂರು ಸಲ ಕೆಮ್ಮಿ ಬಾಗಿಲು ತೆಗೆಯಬೇಕು. ಉಣ್ಣುತ್ತಿದ್ದವರು ಗಾಬರಿ ಬೀಳಬಾರದಲ್ಲ. ಕೆಮ್ಮುವ ಹೊಣೆ ದಾಸಪ್ಪನವರ ದಾಯಾದಿ ಚಿಕ್ಕಬೈರಪ್ಪನವರದು.

ಮುದ್ದೆ, ಸಾರು, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬಾಟ್ಲಿ, ಅವುಗಳ ನಡುವೆ ಎಲೆಯ ಮೇಲೆ ಕಪ್ಪು ಕಂಟ್ರೋಲರ್. ಪಂಚಾಕ್ಷರಿ ಅದನ್ನು ನಲವತ್ತು ಜನರಿಗೂ ಒಂದೊಂದು ಸಲ ತೋರಿಸಿ, ‘ಟಕ್’ ಅನಿಸಿ, ಆಟ ಶುರು ಮಾಡಿಟ್ಟು ಹೊರಗೆ ಬಂದ. ಬರುವಾಗ ಅವನ ಕೈ ಟರ್ಬೊ ಸ್ವಿಚ್ಚಿಗೆ ತಗುಲಿದ್ದು ಅವನಿಗೇ ತಿಳಿಯಲಿಲ್ಲ. ಬಾಗಿಲು ಮುಚ್ಚಿತು.

ಮಟಮಟ ಮಧ್ಯಾಹ್ನ. ಅಂಗಳದಲ್ಲಿ ನಲವತ್ತು ಜನ, ಎಂಬತ್ತು ನೆರಳು. ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಯಾರೂ ಆಡದ ವಿಮಾನ ಅರ್ಧ ನಿಮಿಷದಲ್ಲಿ ಹೊಡೆಸಿಕೊಂಡು ಆಟ ಮುಗಿಯಬೇಕು, ಸಂಗೀತ ನಿಲ್ಲಬೇಕು. ಅಷ್ಟು ಮಟ್ಟಿಗೆ ಎಲ್ಲರಿಗೂ ಗೊತ್ತಿತ್ತು.

ನಿಲ್ಲಲಿಲ್ಲ. ಒಳಗಿನಿಂದ ಪುಟ್ ಪುಟ್ ಪುಟ್ ಎಂದು ಗುಂಡಿನ ಸದ್ದು ಬರತೊಡಗಿತು. ಒಂದೇ ಸಮ, ಆತುರವಿಲ್ಲದೆ. ನಡುನಡುವೆ ಶತ್ರು ವಿಮಾನ ಸಿಡಿಯುವ ಸದ್ದು.

“ಯಾರೋ ಒಳಗೆ ಉಳ್ಕೊಂಡವ್ರೆ,” ಎಂದು ಗೌರಮ್ಮ ಪಿಸುಗುಟ್ಟಿದರು. ಅವರು ಲಕ್ಷ್ಮಮ್ಮನವರ ನಾದಿನಿ. ನೆಂಟರು ಒಬ್ಬರನ್ನೊಬ್ಬರು ಎಣಿಸಿದರು. ನಲವತ್ತು. ಇನ್ನೊಮ್ಮೆ ಎಣಿಸಿದರು. ಎರಡನೇ ಸಲ ನಲವತ್ತೊಂದು ಬಂತು. ಮೂರನೇ ಸಲ ಎಣಿಸಲು ಯಾರಿಗೂ ಮನಸ್ಸಾಗಲಿಲ್ಲ.

ಹತ್ತು ನಿಮಿಷ ಕಳೆಯಿತು. ಕೆಮ್ಮಬೇಕಾದ ಚಿಕ್ಕಬೈರಪ್ಪನವರಿಗೆ ಕೆಮ್ಮೇ ಬರಲಿಲ್ಲ. ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ ನಲವತ್ತು ವರ್ಷದಿಂದ ಊರನ್ನು ಎಬ್ಬಿಸಿದ ಗಂಟಲು ಅದು. ಕೊನೆಗೆ ಲಕ್ಷ್ಮಮ್ಮನವರೇ ಕೆಮ್ಮಿ ಬಾಗಿಲು ತಳ್ಳಿದರು.

ಕಂಟ್ರೋಲರ್ ಇಟ್ಟಲ್ಲೇ ಇತ್ತು. ಅದರ ಕೆಂಪು ದೀಪ ಉರಿಯುತ್ತಿತ್ತು. ಪರದೆಯ ಮೇಲೆ ವಿಮಾನ ಬಲಗಡೆಯ ಮೂಲೆಗೆ ಹೋಗಿ ಒತ್ತಿಕೊಂಡು, ಶತ್ರುಗಳ ಗುಂಡು ತಾಕದ ಆ ಸಂದಿಯಲ್ಲಿ ನಿಂತು, ಬಂದವರನ್ನೆಲ್ಲ ಹೊಡೆಯುತ್ತಿತ್ತು.

ಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಮೂಲೆ ಇಡ್ಕೊಂಡು ಒಡ್ಯೋದು ಅವ್ರ ಬುದ್ಧೀನೇಯ. ದಾಯಾದಿ ಜಗಳದಾಗೂ ಅಂಗೇ ಮಾಡ್ತಿದ್ರು.”

ಚಿಕ್ಕಬೈರಪ್ಪನವರಿಗೆ ಆಗ ಕೆಮ್ಮು ಬಂತು.

ಪಂಚಾಕ್ಷರಿ ಹೆದರಿದ್ದು ದೆವ್ವಕ್ಕಲ್ಲ, ಕಂಟ್ರೋಲರಿಗೆ. ವಾಲುತ್ತದೆ ಎಂದು ಮುನಿಕೃಷ್ಣ ಅಂದದ್ದು ಬಲಕ್ಕೆ ಎಂದು ಈಗ ಗೊತ್ತಾಯಿತು. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲಕ್ಷ್ಮಮ್ಮ ಅವನ ಎರಡೂ ಕೈ ಹಿಡಿದುಕೊಂಡರು. “ಎಂಥಾ ಸಾಮಾನು ತಂದ್ಕೊಟ್ಟೆ ಪಂಚಾಕ್ಷರಪ್ಪ. ಬೇರೆ ಯಾರೇ ತಂದಿದ್ರೂ ಅವ್ರು ಮುಟ್ತಿರ್ನಿಲ್ಲ.” ಹದಿನಾಲ್ಕು ವರ್ಷದಲ್ಲಿ ಅವನ ಆಯ್ಕೆಯನ್ನು ಹೊಗಳಿದ ಮೊದಲ ಮನುಷ್ಯರು ಅವರು. ಅವನು ಬಾಯಿ ಮುಚ್ಚಿದ.

ಎಲ್ಲರೂ ಬೆವರುತ್ತಿದ್ದಾಗ ಶ್ರೀಧರ್ ಒಬ್ಬನೇ ಪರದೆಯನ್ನು ಗಮನವಿಟ್ಟು ನೋಡುತ್ತಿದ್ದ. ಪಿ.ಜಿ. ಕಟ್ಟಲು ಹೊರಟವನಿಗೆ ಇರಬೇಕಾದ ನೋಟ ಅದು.

“ಅಮ್ಮ, ಅಪ್ಪ ಬಂದಿದ್ದಾರೆ ಅಂದ್ರೆ ಕೇಳೇಬಿಡೋಣ. ಭಾನುವಾರ ಎಲ್ರನ್ನೂ ಕರೀತೀನಿ. ದೇವ್ರ ಹತ್ರ ಹೂ ಕೇಳಲ್ವಾ, ಹಂಗೇ. ವಿಮಾನ ಬಲಕ್ಕೆ ಹೋದ್ರೆ ಮನೆ ಕೆಡವೋದು, ಎಡಕ್ಕೆ ಹೋದ್ರೆ ಬಿಡೋದು. ಆಮೇಲೆ ಯಾರೂ ಮಾತಾಡಂಗಿಲ್ಲ.”

ಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಆಗಲಿ ಎಂದರು. ಅಲ್ಲಿಯವರೆಗೆ ಆಟ ನಿಲ್ಲಿಸಬಾರದೆಂದು ಹಾಗೆಯೇ ಬಿಟ್ಟು ಬಾಗಿಲು ಮುಚ್ಚಿಸಿದರು.

ಆ ಒಂದು ವಾರ ಪಂಚಾಕ್ಷರಿಯಷ್ಟು ದೊಡ್ಡ ಮನುಷ್ಯ ಹೂಡಿಯಲ್ಲಿ ಇರಲಿಲ್ಲ. ಗೌರಮ್ಮ ಬಂದು, ತಮ್ಮ ಯಜಮಾನರಿಗೆ ಟೀವಿ ಗೇಮು ಗೊತ್ತಿರಲಿಲ್ಲ, ಟ್ರ್ಯಾಕ್ಟರ್ ಚೆನ್ನಾಗಿ ಗೊತ್ತಿತ್ತು, ಅದಕ್ಕೊಂದು ಕಂಟ್ರೋಲರ್ ಇದ್ದರೆ ನೋಡಪ್ಪ ಎಂದರು. ಬೀಟಿಗೆ ಬರುವ ಕಾನ್‌ಸ್ಟೇಬಲ್ ಈಶಪ್ಪ, ವಠಾರದಲ್ಲಿ ಜನ ಸೇರುತ್ತಾರೆಂದು ದೂರು ಬಂದಿದೆ ಎಂದು ವಿಚಾರಣೆಗೆ ಬಂದ. ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟ. ಟೋಪಿ ತೆಗೆದ.

“ಒಳಗ ಯಾರ್ ಅದಾರ?”

“ಯಾರೂ ಇಲ್ರಿ ಸಾಹೇಬ್ರ.”

“ಹಂಗಾರ ಅವರನ್ನ ಒಂದು ಮಾತು ಕೇಳಬೇಕಾಗಿತ್ತು,” ಎಂದ ಈಶಪ್ಪ ದನಿ ತಗ್ಗಿಸಿ. “ಸ್ಟೇಶನ್ ಮುಂದಿಂದನ ಒಂದು ಬೈಕ್ ಹೋಗೇತಿ. ಹೋಗಿದ್ದು ಬೊಮ್ಮನಹಳ್ಳಿ ಕಡೀಗೋ ಹೊಸಕೋಟಿ ಕಡೀಗೋ, ಎಡ ಬಲ ಅಂದ್ರ ಸಾಕು.”

ಮಹಾದೇವಿ ಇದನ್ನೆಲ್ಲ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಗಂಡ ಹತ್ತಿರ ಬಂದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಖರೇ ಹೇಳ್ರಿ. ಅದು ಕೆಟ್ಟ ಮಾಲು ಹೌದಿಲ್ಲೋ?”

“ಕೆಟ್ಟದ್ದಲ್ಲ. ಸ್ವಲ್ಪ ಬಲಕ್ಕ ವಾಲತೈತಿ.”

“ಬಲಕ್ಕ ವಾಲಿದ್ರ ನನ್ನ ಒಲಿ ಮ್ಯಾಲ ಬೀಳತೈತಿ. ಹೋಗಿ ಅಮ್ಮಾರಿಗೆ ಹೇಳ್ರಿ, ನಾ ಆರಿಸಿದ್ದು ತಪ್ಪಾತು ಅಂತ.”

“ಹದಿನಾಲ್ಕು ವರ್ಷ...”

“ಹದಿನಾಲ್ಕು ವರ್ಷ ಗುಂಡಿ ಒತ್ತೀರಿ. ಈಗ ನಾಲಿಗಿ ಒತ್ರಿ.”

ಅವನು ನಾಲಿಗೆಯ ಬದಲು ಮಾರತ್ತಹಳ್ಳಿಯ ಬಸ್ಸು ಹಿಡಿದ.

ಮುನಿಕೃಷ್ಣ ಕತೆಯೆಲ್ಲ ಕೇಳಿ ಕನ್ನಡಕ ಹಣೆಗೆ ಏರಿಸಿದ. “ಆ ಮಾಲಿಗೆ ಒಂದು ಗುಣ ಇದೆ ಸಾರ್. ಆನ್ ಮಾಡೋ ಕ್ಷಣದಲ್ಲಿ ಕೋಲು ಎಲ್ಲಿರುತ್ತೋ ಅದನ್ನೇ ನಡುಮಧ್ಯ ಅಂತ ತಿಳ್ಕೊಳ್ಳುತ್ತೆ. ನೀವು ಬಲಕ್ಕೆ ಪೂರ್ತಿ ವಾಲಿಸಿ ಹಿಡ್ಕೊಂಡು ಆನ್ ಮಾಡಿ, ಆಮೇಲೆ ಬಿಡಿ. ಎಡಕ್ಕೆ ಎಳೆಯುತ್ತೆ, ನಿಲ್ಲಲ್ಲ.” ಅಂಥದೇ ಇನ್ನೊಂದರಲ್ಲಿ ಮಾಡಿ ತೋರಿಸಿದ. ಪರದೆಯ ವಿಮಾನ ಎಡಕ್ಕೆ ಜಾರಿ ಗೋಡೆಗೆ ಅಂಟಿತು.

ಪಂಚಾಕ್ಷರಿ ಕೈ ಮುಗಿದು ಮೆಟ್ಟಿಲ ಕಡೆ ಹೊರಟ.

“ಒಂದ್ ಮಾತು ಸಾರ್,” ಎಂದ ಮುನಿಕೃಷ್ಣ ಹಿಂದಿನಿಂದ. “ಆ ಕೋಲು ವಾಲೋದು ನಿಜ. ಆದ್ರೆ ಎರಡು ಬ್ಯಾಟ್ರಿಲಿ ಟರ್ಬೊ ಹಾಕಿ ಬಿಟ್ರೆ ಅದು ಒಂದು ದಿನಾನೂ ಬಾಳಲ್ಲ. ನೀವು ಇಟ್ಟಿದ್ದು ಸೋಮವಾರ ಅಂದ್ರಿ. ಬ್ಯಾಟ್ರಿ ಯಾವಾಗ ಬದಲಾಯ್ಸಿದ್ರಿ?”

ಅಂದು ಗುರುವಾರ. ಬ್ಯಾಟರಿ ಯಾರೂ ಬದಲಾಯಿಸಿರಲಿಲ್ಲ. ಸದ್ದು ಬೆಳಿಗ್ಗೆಯೂ ಬರುತ್ತಿತ್ತು. ಪಂಚಾಕ್ಷರಿ ಈ ವಿಷಯವನ್ನು ಬಸ್ಸಿನಲ್ಲಿ ಯೋಚಿಸಬಾರದೆಂದು ತೀರ್ಮಾನಿಸಿ, ಹೂಡಿಯವರೆಗೂ ಮುಂದಿನ ಸೀಟಿನವರ ತಲೆಗೂದಲನ್ನು ನೋಡುತ್ತ ಕುಳಿತ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಕೋಣೆಯ ತುಂಬ ನೆಂಟರು, ಬಾಗಿಲಲ್ಲಿ ಬಾಡಿಗೆಯವರು, ಕಿಟಕಿಯಲ್ಲಿ ಈಶಪ್ಪನ ಟೋಪಿ. ಹಳೆಯ ಆಟ ನಿಲ್ಲಿಸಿ ಹೊಸದಾಗಿ ಶುರು ಮಾಡಿಕೊಡುವ ಗೌರವ ಪಂಚಾಕ್ಷರಿಯದು. ಅವನು ಮಣೆಯ ಮೇಲೆ ಕೂತು, ಕಂಟ್ರೋಲರಿಗೆ ಹೊಸ ಬ್ಯಾಟರಿ ಹಾಕಿ, ದೇವರ ಧ್ಯಾನ ಮಾಡುವವನಂತೆ ಕಣ್ಣು ಮುಚ್ಚಿ, ಕೋಲನ್ನು ಬಲಕ್ಕೆ ವಾಲಿಸಿ ಹಿಡಿದು ಆನ್ ಮಾಡಿದ. ಆಟ ಶುರುವಾದೊಡನೆ ಒಂದು ಗುಂಡಿ ಒತ್ತಿ ಅದನ್ನು ತಡೆದು ನಿಲ್ಲಿಸಿದ. ಇನ್ನು ಆ ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ಸಾಕು, ವಿಮಾನ ಎಡಕ್ಕೆ ಹೋಗುತ್ತದೆ, ಮನೆ ಉಳಿಯುತ್ತದೆ.

ಲಕ್ಷ್ಮಮ್ಮ ಹೊಸ ಬಾಳೆಲೆ ಹಾಸಿ ಊದುಕಡ್ಡಿ ಹಚ್ಚಿದರು. ಫೋಟೊದ ಮುಂದೆ ನಿಂತರು. ಆಮೇಲೆ ಮಗನ ಕಡೆ ತಿರುಗಿದರು.

“ಸೀದರ, ನೀನು ಏಳಿದ್ದು ತಲೆಕೆಳಗಾಗೈತೆ ಕಣೋ. ಬಲಗಡೆ ಅಂದ್ರೆ ಒಳ್ಳೇದು. ದೇವ್ರು ಬಲಕ್ಕೆ ಊ ಕೊಟ್ರೆ ಸುಭ ಅಂತೀವಿ. ಮನೆ ಒಡ್ಯೋದು ಸುಭವೇನೋ? ಬಲಕ್ಕೆ ಓದ್ರೆ ಮನೆ ಉಳಿಸೋದು, ಎಡಕ್ಕೆ ಓದ್ರೆ ಕೆಡವೋದು. ಅಂಗೇ ಕೇಳೋದು.”

ನೆಂಟರೆಲ್ಲ ಹೌದು ಹೌದು, ಅದೇ ಕ್ರಮ ಎಂದರು. ಶ್ರೀಧರನ ಮುಖ ಇಳಿಯಿತು. ಪಂಚಾಕ್ಷರಿಯ ಮುಖ ಅದಕ್ಕಿಂತ ಕೆಳಗೆ ಇಳಿಯಿತು. ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು, ಕೈಗೆ ಅಂಟಿದ ಹಿಟ್ಟು ಇನ್ನೂ ತೊಳೆದಿರಲಿಲ್ಲ. ಗಂಡ ಅವಳನ್ನು ನೋಡಿದ. ಅವಳು ಗುಂಡಿ ಒತ್ತಲು ಮುಂದಾದ ಅವನ ಹೆಬ್ಬೆರಳನ್ನು ನೋಡಿದಳು.

“ಅಮ್ಮಾರ,” ಎಂದ ಪಂಚಾಕ್ಷರಿ. ದನಿ ತಾನು ಅಂದುಕೊಂಡದ್ದಕ್ಕಿಂತ ತೆಳ್ಳಗೆ ಬಂತು. “ಇದು ಕೆಟ್ಟ ಮಾಲು ಐತ್ರಿ. ಅಂಗಡಿಯವ ಬ್ಯಾಡ ಅಂದ. ನಾ ಕೇಳಲಿಲ್ಲ. ಕೋಲು ತಾನ ವಾಲತೈತಿ, ಗುಂಡು ತಾನ ಹಾರತಾವು. ಆವತ್ತು ಆಡಿದ್ದು ದಾಸಪ್ಪ ಗೌಡ್ರಲ್ಲ, ಈ ಕಂಟ್ರೋಲರ್. ಇವತ್ತು ನಾನ ಎಡಕ್ಕ ಹೋಗೂ ಹಂಗ ಮಾಡಿಟ್ಟೇನಿ. ಇದನ್ನ ಏನೂ ಕೇಳಬ್ಯಾಡ್ರಿ. ಗುಂಡಿ ವಿಷಯ ನನಗ ಗೊತ್ತಿಲ್ರಿ.”

ಕೊನೆಯ ಮಾತು ಹೇಳಿ ಅವನು ಕಂಟ್ರೋಲರನ್ನು ತೊಡೆಯ ಮೇಲೆ ಇಟ್ಟುಕೊಂಡ.

ಯಾರೂ ನಂಬಲಿಲ್ಲ. ಗೌರಮ್ಮ, “ಸತ್ತೋರ ಮುಂದೆ ಸುಳ್ಳು ಏಳ್ತಾವ್ನೆ, ನಾಲಿಗೆ ಬಿದ್ದೋದಾತು” ಎಂದರು. ಚಿಕ್ಕಬೈರಪ್ಪ, “ಶ್ರೀಧರ ಏನೋ ಕೈಬೆಚ್ಚಗೆ ಮಾಡವ್ನೆ” ಎಂದರು. ಶ್ರೀಧರ್, “ನಾನ್ಯಾಕೆ ಮಾಡ್ಲಿ ಚಿಕ್ಕಪ್ಪ, ಇವ್ನು ಎಡಕ್ಕೆ ಹೋಗೋಕೆ ಮಾಡಿದ್ದೀನಿ ಅಂತಿದ್ದಾನೆ, ನಂಗೆ ಬೇಕಾಗಿರೋದೂ ಈಗ ಎಡಾನೇ, ಬಿಡಿ ಆಡ್ಲಿ” ಎಂದು ಮುಂದೆ ಬಂದ.

“ನೋಡ್ರಿ, ತೋರಸ್ತೀನಿ,” ಎಂದು ಪಂಚಾಕ್ಷರಿ ತಡೆ ಬಿಟ್ಟ. ವಿಮಾನ ಎಡಕ್ಕೆ ಜಾರತೊಡಗಿತು. ಅವನು ಕೂಡಲೇ ಕಂಟ್ರೋಲರಿನ ಬೆನ್ನು ತೆರೆದು ಎರಡೂ ಬ್ಯಾಟರಿ ಕಿತ್ತು ಅಂಗೈಯಲ್ಲಿ ಎತ್ತಿ ಹಿಡಿದ. ಕೆಂಪು ದೀಪ ಆರಿತು. ವಿಮಾನ ಗಕ್ಕನೆ ನಿಂತಿತು.

“ನೋಡಿದ್ರಿಲ್ಲ? ಇಷ್ಟ. ಒಳಗ ಯಾರೂ ಇಲ್ಲ.”

ಲಕ್ಷ್ಮಮ್ಮ ಅವನನ್ನು ನೋಡಲಿಲ್ಲ. ಅವನ ಹೆಗಲ ಮೇಲಿನಿಂದ ಪರದೆಯನ್ನು ನೋಡುತ್ತಿದ್ದರು. ಕೋಣೆಯಲ್ಲಿದ್ದ ಎಲ್ಲರೂ ಅಲ್ಲಿಗೇ ನೋಡುತ್ತಿದ್ದರು.

ವಿಮಾನ ಬಲಕ್ಕೆ ಎರಡು ಹೆಜ್ಜೆ ಸರಿದು, ನಿಂತು, ಒಂದು ಗುಂಡು ಹಾರಿಸಿತು. ಶತ್ರುವಿಗೆ ತಾಕಿತು. ಎಡಕ್ಕೆ ಬಂದಿತು. ಮೇಲಿನಿಂದ ಬೀಳುತ್ತಿದ್ದ ಗುಂಡನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಮತ್ತೆ ಒಂದು, ಒಂದೇ ಒಂದು ಹಾರಿಸಿತು. ಇದು ವಾಲುವುದಲ್ಲ. ಇದಕ್ಕೆ ಕಣ್ಣಿತ್ತು.

ಶ್ರೀಧರ್ ಮೆಲ್ಲಗೆ ಕೈ ಚಾಚಿ, ಕಂಟ್ರೋಲರಿನ ಸಂದೇಶ ಹಿಡಿಯುವ ಚಿಕ್ಕ ರಿಸೀವರನ್ನು ಯಂತ್ರದಿಂದ ಕಿತ್ತ. ಈಗ ಯಂತ್ರಕ್ಕೆ ಏನೂ ಜೋಡಿಸಿರಲಿಲ್ಲ. ವಿಮಾನ ಬಲಗಡೆಯ ಮೂಲೆಗೆ ಹೋಗಿ, ಅಲ್ಲಿ ಯಾಕೋ ಬೇಸರವಾದಂತೆ ಎಡಕ್ಕೆ ಬಂದು, ಮೂವರನ್ನು ಹೊಡೆದು, ನಡುವೆ ನಿಂತಿತು. ಶ್ರೀಧರ್ ರಿಸೀವರನ್ನು ಬಾಳೆಲೆಯ ಮೇಲೆ, ತಿಥಿಯ ದಿನ ಮುದ್ದೆ ಇಟ್ಟಿದ್ದ ಜಾಗದಲ್ಲಿ ಇಟ್ಟು ಹಿಂದೆ ಸರಿದ. ಚಿಕ್ಕಬೈರಪ್ಪನವರ ಕೈ ಟೀವಿಯ ಸ್ವಿಚ್ಚಿನ ಕಡೆ ಹೋಯಿತು.

“ಮುಟ್ಬ್ಯಾಡಿ,” ಎಂದರು ಲಕ್ಷ್ಮಮ್ಮ. “ಆಡ್ತಾವ್ರೆ.”

“ಬಲವೋ ಎಡವೋ ಅತ್ತಿಗೆ?” ಎಂದರು ಗೌರಮ್ಮ, ಅಳುವ ದನಿಯಲ್ಲಿ.

“ಆಟ ಆಡೋವಾಗ ಅವ್ರು ಯಾರಿಗೂ ಉತ್ರ ಕೊಟ್ಟೋರಲ್ಲ. ಉಣ್ಣಾಕೆ ಕರುದ್ರೂ ಅಷ್ಟೆ, ನಂಗೆ ಎದೆ ನೋಯ್ತೈತೆ ಅಂದ್ರೂ ಅಷ್ಟೆ. ಮುಗೀಲಿ. ಆಮ್ಯಾಕೆ ಕೇಳಾನ.” ಅವರು ಮಗನ ಕಡೆ ತಿರುಗಿದರು. “ಅಲ್ಲೀಗಂಟ ಯಾರೂ ಒಂದು ಎಂಚು ಅಲ್ಲಾಡಿಸ್ಬ್ಯಾಡಿ.”

ಹೀಗೆ ತೀರ್ಮಾನವಾಯಿತು. ಅದನ್ನು ತೀರ್ಮಾನ ಎನ್ನಬಹುದಾದರೆ. ತಿಂಗಳ ಕೊನೆ ಬಂತು, ಮನೆ ಕೆಡವುವ ಯಂತ್ರ ಬಂದು ಗೇಟಿನ ಹೊರಗೆ ಮೂತಿ ನೆಲಕ್ಕಿಟ್ಟು ನಿಂತಿತು. ಶ್ರೀಧರ್ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಮುಗೀತಾ?” ಎಂದು ಕೇಳುತ್ತಾನೆ. “ಇನ್ನೂ ಇಲ್ಲ” ಎನ್ನುತ್ತಾರೆ ಲಕ್ಷ್ಮಮ್ಮ. ಕರೆಂಟು ಹೋದರೆ ಆಟ ನಿಂತೀತೆಂದು ಎಂಟು ಮನೆಯವರೂ ಸೇರಿ ಒಂದು ಯು.ಪಿ.ಎಸ್. ತಂದಿಟ್ಟಿದ್ದಾರೆ. ಟೀವಿಯ ಮುಂದೆ ಒಬ್ಬರಾದರೂ ಕೂತಿರಬೇಕೆಂದು ಪಾಳಿ ಹಾಕಿಕೊಂಡಿದ್ದಾರೆ. ಭಾನುವಾರ ಮಧ್ಯಾಹ್ನ ಪಂಚಾಕ್ಷರಿಯದು.

ಅಂಥ ಒಂದು ಭಾನುವಾರ ಅವನು ಹೋಗಿ ಮಣೆಯ ಮೇಲೆ ಕೂತ. ಊದುಕಡ್ಡಿಯ ವಾಸನೆ, ಹಸಿರು ಬೆಳಕು, ಗೋಡೆಯ ಮೇಲೆ ಫೋಟೊ. ಹೊರಗೆ ಮಹಾದೇವಿ ರೊಟ್ಟಿ ಬಡಿಯುವುದು ಕೇಳುತ್ತಿತ್ತು. ಪರದೆಯ ಮೂಲೆಯಲ್ಲಿ, ಉಳಿದಿರುವ ಜೀವಗಳ ಲೆಕ್ಕಕ್ಕೆ, ಮೊದಲು ಮೂರು ಪುಟ್ಟ ವಿಮಾನಗಳಿದ್ದವು. ಶುಕ್ರವಾರ ಎರಡಾಗಿದ್ದವಂತೆ. ಈಗ ನೋಡಿದರೆ ಒಂದೂ ಇರಲಿಲ್ಲ. ಆಡುತ್ತಿರುವುದೇ ಕೊನೆಯದು.

ಶತ್ರುಗಳು ಎಂದಿಗಿಂತ ದಟ್ಟವಾಗಿ ಇಳಿಯುತ್ತಿದ್ದರು. ವಿಮಾನ ದಣಿದಂತೆ ಕಂಡಿತು, ತಿರುಗುವುದು ತುಸು ತಡವಾಗುತ್ತಿತ್ತು. ನಡುವೆ ನಿಂತು ಬಲಗಡೆಯ ಒಬ್ಬನನ್ನೇ ಗುರಿಯಿಟ್ಟು ಹೊಡೆಯುತ್ತಿತ್ತು. ನೆತ್ತಿಯ ಮೇಲೆ ನೇರವಾಗಿ ಇಳಿಯುತ್ತಿದ್ದ ಗುಂಡನ್ನು ಅದು ಕಂಡಿರಲಿಲ್ಲ.

ಪಂಚಾಕ್ಷರಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಅವನು ಪರದೆಯ ಹತ್ತಿರಕ್ಕೆ ಬಾಗಿದ.

“ಎಡಕ್ಕ ಬರ್ರಿ ಗೌಡ್ರ,” ಎಂದ ಪಿಸುದನಿಯಲ್ಲಿ. “ಎಡಕ್ಕ, ಎಡಕ್ಕ.”

ವಿಮಾನ ಒಂದು ಕ್ಷಣ, ಯಾರು ಮಾತಾಡಿದರು ಎಂದು ಕೇಳಿಸಿಕೊಂಡಂತೆ ಸುಮ್ಮನೆ ನಿಂತಿತು. ಆಮೇಲೆ ಎಡಕ್ಕೆ ಸರಿಯಿತು. ಗುಂಡು ಪಕ್ಕದಲ್ಲಿ ಹಾದುಹೋಯಿತು.

“ಹಾಂ,” ಎಂದ ಪಂಚಾಕ್ಷರಿ, ಮಣೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು. “ಈಗ ಹೊಡೀರಿ.”